ಡಿಸ್ಕಸ್ ಮೀನಿನ ಮರಿಗಳೂ ನಮ್ಮ ಗುಡ್ಡದ ನೀರೂ

(ಬಳಗದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ಬಳಗದ ಸಭೆಗಳಲ್ಲಿ ನಾನು ಇದುವರೆಗೆ ಮಾತನಾಡಿರುವುದು ಬಹುಪಾಲು ಮಣ್ಣು, ಸೊಪ್ಪಿನಬೆಟ್ಟ ಮತ್ತು ಅಡಿಕೆಯ ಕೊಳೆರೋಗವನ್ನು ಕುರಿತು. ಇಂದು ಗಾಜಿನ ತೊಟ್ಟಿಯಲ್ಲಿ ಸಾಕುವ ಮೀನೊಂದರ ಬಗ್ಗೆ ಮಾತನಾಡಬೇಕೆಂದು ಕೇಳಿದವರು ಇಲ್ಲಿಯೇ ಕುಳಿತಿರುವ ಕೆಲವು ವಿದ್ಯಾರ್ಥಿಗಳು. ಓದು ಮುಗಿದ ಮೇಲೂ ಊರಿನಲ್ಲಿಯೇ ಉಳಿಯಬೇಕೆಂಬ ಹಂಬಲವುಳ್ಳ ಈ ತರುಣರು, ಮನೆಯ ಜಗಲಿಯಲ್ಲಿ ಅಲಂಕಾರದ ಮೀನುಗಳ ಮರಿ ಮಾಡಿ ಮಾರಿದರೆ ಹೇಗೆಂದು ಯೋಚಿಸುತ್ತಿದ್ದಾರೆ. ಅವುಗಳಲ್ಲಿ ಬಹಳ ಬೆಲೆಬಾಳುವ ಮೀನೆಂದು ಅವರ ಕಿವಿಗೆ ಬಿದ್ದಿರುವ ಹೆಸರು ಡಿಸ್ಕಸ್. ಇದನ್ನು ಮಲೆನಾಡಿನ ಮನೆಯಲ್ಲಿ ಸಾಕಿ ಮರಿ ಮಾಡಲು ಸಾಧ್ಯವೇ ಎಂಬುದು ಅವರ ಪ್ರಶ್ನೆ. ಸಾಧ್ಯವೆಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಯಾವ ನೀರಿನಲ್ಲಿ, ಎಷ್ಟು ತಾಳ್ಮೆಯಿಂದ, ಯಾವ ಹಳ್ಳಕ್ಕೆ ಯಾವ ಅಪಾಯವನ್ನು ತಂದು ಎಂಬ ಪ್ರಶ್ನೆಗಳು ಅದರ ಬೆನ್ನಿಗೇ ಬರುತ್ತವೆ. ಅವನ್ನು ಬಿಟ್ಟು ಮೊದಲನೆಯದಕ್ಕೆ ಮಾತ್ರ ಉತ್ತರಿಸುವುದು ಬೀಜ ಕೊಟ್ಟು ಬೇಸಾಯ ಹೇಳಿಕೊಡದೆ ಇದ್ದಂತೆ.

ಡಿಸ್ಕಸ್ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಜಲಾನಯನ ಪ್ರದೇಶದ ಮೀನು. ತಟ್ಟೆಯನ್ನು ನೆಟ್ಟಗೆ ನಿಲ್ಲಿಸಿದಂತೆ ದುಂಡಗೆ, ಚಪ್ಪಟೆಯಾಗಿ ಇರುವುದರಿಂದ ಈ ಹೆಸರು. ಬೆಳೆದ ಮೀನು ಒಂದು ಗೇಣಿಗೆ ಸ್ವಲ್ಪ ಕಡಿಮೆ ಇರುತ್ತದೆ. 1840ರಲ್ಲಿ ವಿಯೆನ್ನಾದ ಯೋಹಾನ್ ಯಾಕೋಬ್ ಹೆಕೆಲ್ ಎಂಬ ಮತ್ಸ್ಯವಿಜ್ಞಾನಿ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟನು. ಬ್ರೆಜಿಲಿನಲ್ಲಿ ಹದಿನೆಂಟು ವರ್ಷ ಅಲೆದಾಡಿದ ಯೋಹಾನ್ ನಾಟ್ಟೆರರ್ ಎಂಬ ಸಂಗ್ರಾಹಕನು ಕಳುಹಿಸಿದ ಮಾದರಿಗಳು ಅವನ ಕೈಯಲ್ಲಿದ್ದವು. ಆ ಮೂಲ ಜಾತಿ ಹೆಚ್ಚಾಗಿ ಕಾಣುವುದು ರಿಯೋ ನೇಗ್ರೋ ನದಿಯಲ್ಲಿ. ನೇಗ್ರೋ ಎಂದರೆ ಕಪ್ಪು. ಆ ನದಿಯ ನೀರು ಕೊಳಕಾದುದರಿಂದ ಕಪ್ಪಲ್ಲ. ಕಾಡಿನ ತರಗೆಲೆ ನೆನೆದು ಬಿಟ್ಟ ಕಷಾಯದಿಂದ ಕಪ್ಪು. ಮಳೆಗಾಲದಲ್ಲಿ ನದಿ ದಡ ಮೀರಿ ಕಾಡಿನೊಳಗೆ ನುಗ್ಗಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಮುಳುಗಿದ ಮರಗಳ ಬೇರು, ಕೊಂಬೆಗಳ ನಡುವೆ ಡಿಸ್ಕಸ್ ಗುಂಪುಗಳು ಅಡಗಿರುತ್ತವೆ. ಬಿದ್ದ ಬಾವಿಕಟ್ಟೆಯ ಪಕ್ಕದ ಹೊಂಡದಲ್ಲಿ ಎಲೆ ಕೊಳೆತು ಚಹಾದಂತೆ ಆದ ನೀರನ್ನು ನೋಡಿದ ಮಲೆನಾಡಿಗರಿಗೆ ಈ ಬಣ್ಣವನ್ನು ವಿವರಿಸಬೇಕಾಗಿಲ್ಲ.

ಆ ನೀರಿನ ಗುಣವನ್ನು ಮೊದಲು ತಿಳಿಯಬೇಕು. ರಿಯೋ ನೇಗ್ರೋವಿನ ನೀರಿನ ರಸಸಾರ 4ರಿಂದ 5ರ ಆಸುಪಾಸಿನಲ್ಲಿದೆ, ಅಂದರೆ ಚೆನ್ನಾಗಿಯೇ ಹುಳಿ. ಅದರಲ್ಲಿ ಕರಗಿದ ಲವಣಗಳು ಎಷ್ಟು ಕಡಿಮೆಯೆಂದರೆ, ಅದು ಮಳೆಯ ನೀರಿಗೆ ಹತ್ತಿರ. ಉಷ್ಣತೆ ವರ್ಷವಿಡೀ 27ರಿಂದ 30 ಡಿಗ್ರಿ ಸೆಲ್ಸಿಯಸ್. ಇಂದು ಅಂಗಡಿಗಳಲ್ಲಿ ಸಿಗುವ ಬಣ್ಣಬಣ್ಣದ ಡಿಸ್ಕಸ್ ಮೀನುಗಳು ಹಲವು ತಲೆಮಾರುಗಳಿಂದ ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದವು. ಅವು ರಸಸಾರ 7ರ ನೀರಿನಲ್ಲಿಯೂ, ಸ್ವಲ್ಪ ಗಡಸು ನೀರಿನಲ್ಲಿಯೂ ಬದುಕುತ್ತವೆ. ಆದರೆ ಮೊಟ್ಟೆ ಫಲಿತವಾಗಿ ಒಡೆಯಬೇಕಾದರೆ ಮೆದು ನೀರೇ ಬೇಕು. ಲೀಟರಿಗೆ ಕರಗಿದ ಲವಣ 100 ಮಿಲಿಗ್ರಾಮಿಗಿಂತ ಕಡಿಮೆ, ರಸಸಾರ 6ರಿಂದ 6.5, ಉಷ್ಣತೆ 28ರಿಂದ 30 ಡಿಗ್ರಿ ಇದ್ದರೆ ಸಾಕೆಂಬುದು ಸಾಕಣೆಯಲ್ಲಿ ಪಳಗಿದವರ ಅನುಭವ. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಈ ಕೆಲಸಕ್ಕೆ ಕೈಹಾಕುವವರು ಯಂತ್ರವಿಟ್ಟು ಲವಣ ತೆಗೆಯಬೇಕಾಗುತ್ತದೆ. ಲೀಟರು ಶುದ್ಧ ನೀರಿಗೆ ಅದಕ್ಕಿಂತ ಹೆಚ್ಚು ನೀರನ್ನು ಚರಂಡಿಗೆ ಬಿಡಬೇಕಾಗುತ್ತದೆ. ನಮ್ಮ ಜಂಬಿಟ್ಟಿಗೆ ಗುಡ್ಡಗಳ ಒರತೆಯ ನೀರು, ತೆರೆದ ಬಾವಿಯ ನೀರು ಬಹುಮಟ್ಟಿಗೆ ಮೆದುವಾಗಿಯೂ ಸ್ವಲ್ಪ ಹುಳಿಯಾಗಿಯೂ ಇರುತ್ತದೆ. ಜಗತ್ತಿನ ಎಷ್ಟೋ ಸಾಕಣೆದಾರರು ಹಣ ಕೊಟ್ಟು ಮಾಡಿಕೊಳ್ಳುವ ನೀರು ಇಲ್ಲಿ ಅಬ್ಬಿಯಿಂದ ದಂಬೆಯಲ್ಲಿ ಇಳಿದು ಬರುತ್ತದೆ. ನಮ್ಮ ಅನುಕೂಲವೆಂದರೆ ಇದೊಂದೇ, ಉಳಿದವೆಲ್ಲ ಅನನುಕೂಲಗಳೇ.

ಇನ್ನು ಈ ಮೀನಿನ ಮುಖ್ಯ ವಿಶೇಷಕ್ಕೆ ಬರೋಣ. ನಮ್ಮ ಕೆರೆಯ ಬಹುತೇಕ ಮೀನುಗಳು ಸಾವಿರಗಟ್ಟಲೆ ಮೊಟ್ಟೆ ಉದುರಿಸಿ ಹೊರಟುಹೋಗುತ್ತವೆ. ಮರಿಗಳ ಪಾಡು ಮರಿಗಳಿಗೆ. ಡಿಸ್ಕಸ್ ಹಾಗಲ್ಲ. ಗಂಡು ಹೆಣ್ಣು ಜೊತೆಗೂಡಿ ನೆಟ್ಟಗಿರುವ ಒಂದು ಮೇಲ್ಮೈಯನ್ನು ಬಾಯಿಂದ ಕೆರೆದು ಶುಚಿಮಾಡಿ, ಸಾಲುಸಾಲಾಗಿ ಸುಮಾರು ಇನ್ನೂರು ಮೊಟ್ಟೆಗಳನ್ನು ಅಂಟಿಸುತ್ತವೆ; ಕೆಲವೊಮ್ಮೆ ಕಡಿಮೆ, ಕೆಲವೊಮ್ಮೆ ಇದರ ದುಪ್ಪಟ್ಟು. ಎರಡೂ ಸರದಿಯಲ್ಲಿ ನಿಂತು ಈಜುರೆಕ್ಕೆಯಿಂದ ಗಾಳಿ ಹಾಕುತ್ತವೆ. ಎರಡೂವರೆ ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಮತ್ತೆ ಎರಡೂವರೆ, ಮೂರು ದಿನ ಮರಿಗಳು ಅಲ್ಲಿಯೇ ತಲೆ ಅಂಟಿಸಿಕೊಂಡು ಬಾಲ ಅಲ್ಲಾಡಿಸುತ್ತ, ಹೊಟ್ಟೆಯ ಕೆಳಗಿನ ಹಳದಿ ಚೀಲದ ಆಹಾರವನ್ನು ಉಣ್ಣುತ್ತವೆ. ಆರನೆಯ ದಿನದ ಹೊತ್ತಿಗೆ ಆ ಬುತ್ತಿ ಮುಗಿಯುತ್ತದೆ, ಮರಿಗಳು ಈಜತೊಡಗುತ್ತವೆ. ಈಜಿ ಹೋಗುವುದು ಎಲ್ಲಿಗೆ? ತಂದೆತಾಯಿಯರ ಮೈಗೆ. ಅಲ್ಲಿ ಚರ್ಮದ ಮೇಲೆ ದಪ್ಪಗೆ ಬೆಳೆದ ಲೋಳೆಯನ್ನು ಕಚ್ಚಿ ಕಚ್ಚಿ ತಿನ್ನುತ್ತವೆ. ಮೊದಲ ದಿನಗಳಲ್ಲಿ ಅವಕ್ಕೆ ಅದೇ ಆಹಾರ. ತಾಯಿಗೆ ದಣಿವಾದಾಗ ಅದು ಮೈ ಕೊಡವಿ ಸರ್ರನೆ ಸರಿದು, ಮರಿಗಳ ಗುಂಪನ್ನು ತಂದೆಯ ಮೈಗೆ ದಾಟಿಸುತ್ತದೆ. ತಂದೆ ಸ್ವಲ್ಪ ಹೊತ್ತಿನ ಮೇಲೆ ಹಾಗೆಯೇ ತಾಯಿಗೆ ಹಿಂದಿರುಗಿಸುತ್ತದೆ. ತೊಟ್ಟಿಲ ಮಗುವನ್ನು ಒಬ್ಬರ ಮಡಿಲಿಂದ ಇನ್ನೊಬ್ಬರ ಮಡಿಲಿಗೆ ಹಾಕುವ ಹಾಗೆ.

ಈ ನಡವಳಿಕೆಯನ್ನು ಅಮೆರಿಕದ ಹಿಲ್ಡೆಮನ್ ಎಂಬ ವಿಜ್ಞಾನಿ 1959ರಲ್ಲಿ ವಿವರವಾಗಿ ಬರೆದನು. 1960ರ ದಶಕದಲ್ಲಿ ಜರ್ಮನ್ ಸಂಶೋಧಕರು ಲೋಳೆಯ ಈ ಹೆಚ್ಚಳಕ್ಕೂ ಪ್ರೋಲ್ಯಾಕ್ಟಿನ್ ಎಂಬ ಚೋದಕಕ್ಕೂ ಇರುವ ಸಂಬಂಧವನ್ನು ತೋರಿಸಿದರು. ಹಸುವಿನ ಕೆಚ್ಚಲಿನಲ್ಲಿ ಹಾಲು ಉತ್ಪಾದನೆಗೆ ಬೇಕಾದ ಚೋದಕವೂ ಅದೇ. ಪಾರಿವಾಳಗಳು ಮರಿಗಳಿಗೆ ಗಂಟಲಚೀಲದಿಂದ ಉಣಿಸುವ ಹಾಲಿನಂಥ ದ್ರವಕ್ಕೆ ಕಾರಣವಾದುದೂ ಅದೇ. 2010ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಜೊನಾಥನ್ ಬಕ್ಲಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇನ್ನಷ್ಟು ಮುಂದೆ ಹೋಯಿತು. ಮೊಟ್ಟೆಯಿಟ್ಟ ಮೇಲೆ ಲೋಳೆಯಲ್ಲಿ ಪ್ರೋಟೀನಿನ ಅಂಶ ಏರುತ್ತದೆ, ರೋಗ ತಡೆಯುವ ಪ್ರತಿಕಾಯಗಳೂ ಅದರಲ್ಲಿವೆ; ಮರಿಗಳು ಈಜತೊಡಗಿದ ಮೂರನೆಯ ವಾರದಲ್ಲಿ ತಂದೆತಾಯಿ ಮರಿಗಳಿಂದ ಹೆಚ್ಚು ಹೆಚ್ಚಾಗಿ ದೂರ ಸರಿಯುತ್ತವೆ, ಆ ಬಳಿಕ ಲೋಳೆಯ ಸತ್ವವೂ ಇಳಿಯುತ್ತದೆ. ಎದೆಹಾಲು ಬಿಡಿಸುವ ಕಾಲವನ್ನು ಮೀನು ತಾನೇ ಗೊತ್ತುಮಾಡುತ್ತದೆಂದಾಯಿತು. ಲೋಳೆಯನ್ನು ಹಾಲೆನ್ನುವುದು ಶಾಸ್ತ್ರೀಯವಾಗಿ ಸರಿಯಲ್ಲ, ಕೆಚ್ಚಲಿಲ್ಲದೆ ಹಾಲಿಲ್ಲ. ಆದರೂ ಹೋಲಿಕೆ ಬರಿಯ ಮಾತಿನ ಚಮತ್ಕಾರವಲ್ಲವೆಂಬುದನ್ನು ಗಮನಿಸಬೇಕು.

ಹೀಗಿರುವುದರಿಂದ ಡಿಸ್ಕಸ್ ಮರಿಸಾಕಣೆಯೆಂದರೆ ಮುಖ್ಯವಾಗಿ ಹಿರಿಯ ಮೀನುಗಳ ಆರೋಗ್ಯದ ಪಾಲನೆ. ಮರಿಯ ಊಟ ಅವುಗಳ ಮೈಯಲ್ಲಿದೆ. ಮೈಯ ಸ್ಥಿತಿ ನೀರಿನಲ್ಲಿದೆ. ಮುಂದೆ ನಾನು ಹೇಳುವ ಎಲ್ಲ ಕ್ರಮಗಳಿಗೂ ಇದೇ ಕಾರಣ.

ಜೋಡಿಯನ್ನು ಆರಿಸುವುದು ಹೇಗೆ? ಈ ಮೀನಿನಲ್ಲಿ ಗಂಡು ಹೆಣ್ಣನ್ನು ನೋಡಿ ಹೇಳುವುದು ಕಷ್ಟ. ಆರರಿಂದ ಎಂಟು ಎಳೆಯ ಮೀನುಗಳನ್ನು ಒಂದೇ ಸಾಕಣೆದಾರರಿಂದ ತಂದು ಒಟ್ಟಿಗೆ ಬೆಳೆಸಿ, ಅವೇ ಜೊತೆಯಾಗುವ ತನಕ ಕಾಯುವುದು ಸರಿಯಾದ ದಾರಿ. ಇದಕ್ಕೆ ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. ಅಂಗಡಿಯಲ್ಲಿ ಎರಡಂಗುಲದ ಮರಿಯೇ ಹಿರಿಯ ಮೀನಿನಷ್ಟು ಹೊಳೆಯುತ್ತಿದ್ದರೆ ಅನುಮಾನಿಸಬೇಕು. ಬಣ್ಣ ಬರಿಸಲು ಚೋದಕ ಉಣಿಸುವ ಕೆಟ್ಟ ಪದ್ಧತಿ ಈ ವ್ಯಾಪಾರದಲ್ಲಿದೆ, ಅಂಥವು ಮುಂದೆ ಮರಿ ಮಾಡದಿರಬಹುದು. ಜೋಡಿಯಾದ ಎರಡನ್ನು ಬೇರೆ ತೊಟ್ಟಿಗೆ ಬಿಡಬೇಕು. ಅರವತ್ತು ಸೆಂಟಿಮೀಟರ್ ಉದ್ದ, ನಲವತ್ತೈದು ಅಗಲ, ನಲವತ್ತೈದು ಎತ್ತರದ ತೊಟ್ಟಿಯಲ್ಲಿ ಸುಮಾರು 120 ಲೀಟರು ನೀರು ಹಿಡಿಯುತ್ತದೆ. ಒಂದು ಜೋಡಿಗೆ ಅಷ್ಟು ಸಾಕು. ತಳಕ್ಕೆ ಮರಳು, ಕಲ್ಲು, ಗಿಡ ಯಾವುದೂ ಬೇಡ. ಅಂದವಾಗಿ ಕಾಣದಿದ್ದರೂ ಬರಿಯ ಗಾಜಿನ ತಳವನ್ನು ದಿನವೂ ಶುಚಿಮಾಡಬಹುದು. ಮೊಟ್ಟೆಯಿಡಲು ನೆಟ್ಟಗಿನ ಒಂದು ಮೇಲ್ಮೈ ಬೇಕು. ಇದಕ್ಕಾಗಿಯೇ ಪೇಟೆಯಲ್ಲಿ ಶಂಕುವಿನಾಕಾರದ ಮಣ್ಣಿನ ಪಾತ್ರೆ ಮಾರುತ್ತಾರೆ. ನಮ್ಮ ಕುಂಬಾರರಿಗೆ ಹೇಳಿ, ಬಣ್ಣ ಮೆರುಗು ಬಳಿಯದ, ಉದ್ದನೆಯ ಒಂದು ಮಡಕೆಯನ್ನು ಮಾಡಿಸಿ ಬೋರಲು ಹಾಕಿದರೂ ನಡೆಯುತ್ತದೆ. ನೀರು ಸೋಸಲು ಗಾಳಿಯ ಪಂಪಿಗೆ ಜೋಡಿಸಿದ ಸ್ಪಂಜು ಸಾಕು. ಬಲವಾಗಿ ನೀರು ಎಳೆಯುವ ಯಂತ್ರ ಮರಿಗಳನ್ನೂ ಎಳೆದುಕೊಳ್ಳುತ್ತದೆ.

ಎಳೆಯ ಜೋಡಿ ಮೊದಲ ಎರಡು ಮೂರು ಬಾರಿ ಮೊಟ್ಟೆಗಳನ್ನು ತಾನೇ ತಿಂದುಬಿಡುವುದುಂಟು. ಗಾಬರಿಯಾಗಬೇಕಿಲ್ಲ. ಪಕ್ವವಾದ ಜೋಡಿ ವಾರ, ಹತ್ತು ದಿನಕ್ಕೊಮ್ಮೆ ಮತ್ತೆ ಇಡುತ್ತದೆ. ತಿನ್ನುವ ಚಟ ಬಿಡದಿದ್ದರೆ ಮೊಟ್ಟೆಯ ಸುತ್ತ ಪ್ಲಾಸ್ಟಿಕ್ ಜಾಲರಿ ಕಟ್ಟುತ್ತಾರೆ; ನೋಡಬಹುದು, ತಿನ್ನಲಾಗದು. ಬೆಳ್ಳಗೆ ತಿರುಗಿದ ಮೊಟ್ಟೆ ಫಲಿತವಾಗದ ಮೊಟ್ಟೆ, ಅದಕ್ಕೆ ಬೂಷ್ಟು ಹಿಡಿಯುತ್ತದೆ. ಫಲಿತವಾದವು ಎರಡನೆಯ ದಿನಕ್ಕೆ ಕಪ್ಪಾಗುತ್ತವೆ. ರಾತ್ರಿಯಿಡೀ ಒಂದು ಮಂದ ದೀಪ ಉರಿಯುತ್ತಿರಲಿ. ಕತ್ತಲಲ್ಲಿ ತಂದೆತಾಯಿ ಮೊಟ್ಟೆಯನ್ನು ಬಿಟ್ಟು ಹೋಗುತ್ತವೆ, ಮರಿಗಳು ಅವುಗಳನ್ನು ತಪ್ಪಿಸಿಕೊಳ್ಳುತ್ತವೆ.

ಮರಿಗಳು ಈಜುವ ದಿನವೇ ಪರೀಕ್ಷೆಯ ದಿನ. ಒಂದೆರಡು ದಿನಗಳಲ್ಲಿ ಮೈಗೆ ಹತ್ತದ ಮರಿ ಹಸಿವಿನಿಂದ ಸಾಯುತ್ತದೆ. ನೀರಿನ ಮಟ್ಟವನ್ನು ಅರ್ಧಕ್ಕೆ ಇಳಿಸಿದರೆ ಮರಿಗಳಿಗೆ ಹುಡುಕುವ ದೂರ ಕಡಿಮೆಯಾಗುತ್ತದೆ. ಗಾಳಿಯ ಗುಳ್ಳೆಗಳನ್ನು ಮಂದಗೊಳಿಸಬೇಕು. ಇನ್ನೊಂದು ಸೂಕ್ಷ್ಮವಿದೆ. ಮರಿ ಹುಟ್ಟಿದ ಕಾಲದಲ್ಲಿ ಹಿರಿಯ ಮೀನುಗಳ ಮೈ ಕಪ್ಪಡರುತ್ತದೆ; ಮರಿಗಳು ಆ ಕಪ್ಪನ್ನೇ ಗುರುತಾಗಿ ಹಿಡಿದು ಬರುತ್ತವೆ. ತೊಟ್ಟಿಯಲ್ಲಿ ಕಪ್ಪು ಸ್ಪಂಜು, ಕಪ್ಪು ಹೀಟರು, ಗಾಜಿನ ಮೂಲೆಯ ಕಪ್ಪು ಅಂಟು ಇದ್ದರೆ ಬಡಪಾಯಿ ಮರಿಗಳು ಅದನ್ನೇ ತಾಯಿಯೆಂದುಕೊಂಡು ಅಲ್ಲಿ ಮುತ್ತುತ್ತವೆ. ಆದ್ದರಿಂದ ಆ ದಿನಗಳಲ್ಲಿ ಕಪ್ಪು ವಸ್ತುಗಳನ್ನು ತೆಗೆಯಬೇಕು, ಇಲ್ಲವೇ ಬಿಳಿಯದರಿಂದ ಮುಚ್ಚಬೇಕು. 1990ರ ದಶಕದಲ್ಲಿ ಥಾಯ್ಲೆಂಡಿನಿಂದ ಜಗತ್ತಿಗೆ ಹರಡಿದ ಪಿಜನ್ ಬ್ಲಡ್ ಎಂಬ ಕೆಂಪು ತಳಿಯಲ್ಲಿ ಹೀಗೆ ಕಪ್ಪಡರುವ ಗುಣವೇ ಹೋಗಿಬಿಟ್ಟಿದೆ. ಮಾರುಕಟ್ಟೆಗೆ ಬೇಕಾದ ಬಣ್ಣ ಸಿಕ್ಕಿತು, ಮರಿಗೆ ತಾಯಿಯ ಗುರುತು ತಪ್ಪಿತು. ಹೆಚ್ಚು ಇಳುವರಿಯ ಭತ್ತದ ತಳಿಗಳಲ್ಲಿ ಹುಲ್ಲು ಕಡಿಮೆಯಾಗಿ ದನಗಳು ಸೊರಗಿದ್ದನ್ನು ಕಂಡ ನಮಗೆ ಇಂಥ ವ್ಯಾಪಾರ ಹೊಸತಲ್ಲ. ಮೊದಲ ಬಾರಿಗೆ ಸಾಕುವವರು ಕಂದು ಅಥವಾ ನೀಲಿ ಪಟ್ಟೆಯ ಹಳೆಯ ತಳಿಗಳನ್ನು ಆರಿಸಿಕೊಳ್ಳುವುದು ಲೇಸು.

ನಾಲ್ಕೈದು ದಿನ ಲೋಳೆಯುಂಡ ಮರಿಗೆ ಹೊರಗಿನ ಆಹಾರ ರೂಢಿಸಬೇಕು. ಆರ್ಟಿಮಿಯಾ ಎಂಬ ಉಪ್ಪುನೀರಿನ ಕಿರುಜೀವಿಯ ಒಣ ಮೊಟ್ಟೆಗಳು ಡಬ್ಬಿಯಲ್ಲಿ ಸಿಗುತ್ತವೆ. ಲೀಟರು ನೀರಿಗೆ 25ರಿಂದ 30 ಗ್ರಾಂ ಕಲ್ಲುಪ್ಪು ಹಾಕಿ, 28 ಡಿಗ್ರಿಯಲ್ಲಿ ಗಾಳಿಯೂಡಿಸಿದರೆ ಸುಮಾರು ಒಂದು ದಿನದಲ್ಲಿ ಒಡೆದು ಕೇಸರಿ ಬಣ್ಣದ ಚುಕ್ಕೆಗಳಂತೆ ಓಡಾಡುತ್ತವೆ. ಅವನ್ನು ಸೋಸಿ, ಸಿಹಿನೀರಿನಲ್ಲಿ ತೊಳೆದು, ದಿನಕ್ಕೆ ನಾಲ್ಕೈದು ಬಾರಿ ಸ್ವಲ್ಪ ಸ್ವಲ್ಪ ಕೊಡಬೇಕು. ಮರಿಯ ಹೊಟ್ಟೆ ಕೇಸರಿಯಾದರೆ ತಿಂದಿದೆಯೆಂದು ಅರ್ಥ. ಈ ಮೊಟ್ಟೆಗಳಲ್ಲಿ ದೊಡ್ಡದೊಂದು ಪಾಲು ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕಿನಿಂದ ಬಂದದ್ದು; ಆ ಸರೋವರಕ್ಕೆ ಹರಿದು ಬರುವ ನದಿನೀರನ್ನು ಬೇಸಾಯಕ್ಕೂ ನಗರಗಳಿಗೂ ತಿರುಗಿಸಿದ್ದರಿಂದ 2022ರಲ್ಲಿ ಅದು ಹಿಂದೆಂದೂ ಇಲ್ಲದಷ್ಟು ಬತ್ತಿ, ಉಪ್ಪೇರಿ, ಆರ್ಟಿಮಿಯಾಕ್ಕೇ ಕುತ್ತು ಬಂದಿತ್ತು. ಜಗಲಿಯ ತೊಟ್ಟಿಯೆಂದರೆ ಮನೆಯೊಳಗಿನ ವಿಷಯವೆಂದುಕೊಳ್ಳುತ್ತೇವೆ. ಅದರ ಬೇರು ಎಲ್ಲೆಲ್ಲಿಯೋ ಇದೆ.

ಎರಡರಿಂದ ಮೂರು ವಾರಕ್ಕೆ ಮರಿಗಳನ್ನು ಬೇರ್ಪಡಿಸಬಹುದು. ಬೇಗ ಬೇರ್ಪಡಿಸಿದರೆ ಜೋಡಿ ಬೇಗ ಮತ್ತೆ ಮೊಟ್ಟೆಯಿಡುತ್ತದೆಂದು ವಾರಕ್ಕೇ ಕೀಳುವವರಿದ್ದಾರೆ. ಇನ್ನು ಕೆಲವರು ತಂದೆತಾಯಿಯ ಸಂಪರ್ಕವೇ ಇಲ್ಲದೆ, ಮೊಟ್ಟೆಯ ಹಳದಿಯ ಪುಡಿಯನ್ನು ಪಾತ್ರೆಯ ಅಂಚಿಗೆ ಬಳಿದು ಸಾಕುತ್ತಾರೆ. ಅಮೆರಿಕದ ಪ್ರಸಿದ್ಧ ಸಾಕಣೆದಾರ ಜ್ಯಾಕ್ ವಾಟ್ಲಿ ಈ ವಿಧಾನಕ್ಕೆ ಹೆಸರಾಗಿದ್ದನು. ಹಿರಿಯ ಮೀನಿನಿಂದ ಮರಿಗೆ ಪರಾವಲಂಬಿ ಹುಳುಗಳು ದಾಟದಿರುವುದು ಇದರ ಲಾಭ. ಆದರೆ ಹಳದಿ ಕೆಲವೇ ಗಂಟೆಗಳಲ್ಲಿ ನೀರನ್ನು ಕೆಡಿಸುತ್ತದೆ. ಹಗಲು ರಾತ್ರಿ ನೀರು ಬದಲಿಸುವ ಕೆಲಸ ತೋಟ, ಕೊಟ್ಟಿಗೆ ಇರುವ ಮನೆಗೆ ಒಗ್ಗುವುದಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮೀನು ತಾನೇ ಮಾಡುವ ಕೆಲಸವನ್ನು ನಾವು ಅದಕ್ಕಿಂತ ಕೆಟ್ಟದಾಗಿ ಮಾಡಬೇಕಾದ ಅಗತ್ಯವಿಲ್ಲ.

ಹಿರಿಯ ಮೀನಿನ ಆಹಾರದ ಬಗ್ಗೆ ಎರಡು ಮಾತು. ಪಶ್ಚಿಮದ ಪುಸ್ತಕಗಳಲ್ಲಿ ಎತ್ತಿನ ಹೃದಯದ ಕೊಚ್ಚನ್ನು ಹೇಳಿರುತ್ತದೆ. ನಮ್ಮ ಅನೇಕ ಮನೆಗಳಲ್ಲಿ ಅದು ಒಲ್ಲದ ಮಾತು, ಅನಿವಾರ್ಯವೂ ಅಲ್ಲ. ಸಿಗಡಿ, ಸಮುದ್ರದ ಮೀನಿನ ಕೊಚ್ಚು, ಸೊಳ್ಳೆಯ ಮರಿಹುಳು ನಡೆಯುತ್ತವೆ. ಎರೆಗೊಬ್ಬರದ ಗುಂಡಿಯ ಎರೆಹುಳುವನ್ನು ಒಂದು ದಿನ ಒದ್ದೆ ಬಟ್ಟೆಯಲ್ಲಿಟ್ಟು ಹೊಟ್ಟೆಯ ಮಣ್ಣು ಕಳೆಯಿಸಿ ಸಣ್ಣಗೆ ಹೆಚ್ಚಿ ಕೊಡಬಹುದು. ನಗರದ ಚರಂಡಿಗಳಿಂದ ತೆಗೆದು ಮಾರುವ ಟ್ಯೂಬಿಫೆಕ್ಸ್ ಹುಳುವನ್ನು ಮಾತ್ರ ಮನೆಗೆ ತರಬೇಡಿರಿ, ರೋಗವನ್ನೇ ಹಣ ಕೊಟ್ಟು ತಂದಂತಾಗುತ್ತದೆ.

ಇನ್ನು ನೀರು. ಮೀನಿನ ಮಲಮೂತ್ರದಿಂದ ಅಮೋನಿಯಾ ಹುಟ್ಟುತ್ತದೆ. ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ನೈಟ್ರೇಟ್‌ಗಳಾಗಿ ಬದಲಿಸುತ್ತವೆ. ನಿಮ್ಮ ತೋಟದ ಮಣ್ಣಿನಲ್ಲಿ ಗೊಬ್ಬರ ಗಿಡಕ್ಕೆ ದಕ್ಕುವಂತೆ ಮಾಡುವ ಬ್ಯಾಕ್ಟೀರಿಯಾಗಳ ಬಳಗವೇ ಅದು. ರಸಸಾರ 6ಕ್ಕಿಂತ ಇಳಿದರೆ ಅವುಗಳ ಕೆಲಸ ಮಂದವಾಗುತ್ತದೆ. ಹುಳಿ ನೀರಿನಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿ ಅಪಾಯ ಮಾಡದೆ ಇರುತ್ತದೆ. ಆದರೆ ಅಂಥ ತೊಟ್ಟಿಗೆ ಒಮ್ಮೆಲೇ ಸುಣ್ಣದಂಶದ ನೀರು ಸುರಿದು ರಸಸಾರ ಏರಿಸಿದರೆ ಅದೇ ವಿಷವಾಗಿ ಎದ್ದೇಳುತ್ತದೆ. ಆದುದರಿಂದ ನೀರನ್ನು ದಿನವೂ ಕಾಲುಭಾಗದಷ್ಟು, ಅದೇ ಗುಣದ, ಅದೇ ಬಿಸಿಯ ನೀರಿನಿಂದ ಬದಲಿಸಬೇಕು. 120 ಲೀಟರಿನ ಕಾಲುಭಾಗ 30 ಲೀಟರು. ಮಾಗಿಯ ಬೆಳಗಿನಲ್ಲಿ 19 ಡಿಗ್ರಿಯ ನೀರನ್ನು 29ಕ್ಕೆ ಏರಿಸಲು ಸುಮಾರು ಮೂರನೇ ಒಂದು ಯೂನಿಟ್ ವಿದ್ಯುತ್ತು ಬೇಕು. ತೊಟ್ಟಿಯನ್ನು ಬಿಸಿಯಾಗಿಡುವ 100 ವ್ಯಾಟಿನ ಹೀಟರು ದಿನದ ಅರ್ಧ ಹೊತ್ತು ಉರಿದರೆ 1.2 ಯೂನಿಟ್. ಒಂದು ತೊಟ್ಟಿಗೆ ಇದು ಹೆಚ್ಚಲ್ಲ. ಹತ್ತು ತೊಟ್ಟಿಯಾದಾಗ ಲೆಕ್ಕ ಹಾಕಿ ನೋಡಿರಿ. ಆಷಾಢದಲ್ಲಿ ಕರೆಂಟು ಎರಡು ದಿನ ಹೋಗುವ ಊರುಗಳಲ್ಲಿ ಬ್ಯಾಟರಿಯ ಗಾಳಿಪಂಪು, ತೊಟ್ಟಿಯ ಸುತ್ತ ಥರ್ಮೋಕೋಲ್ ಹಾಳೆ ಮತ್ತು ಕಂಬಳಿ ಸಿದ್ಧವಿರಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಬಚ್ಚಲ ಒಲೆಯ ತಾಮ್ರದ ಹಂಡೆಯಲ್ಲಿ ಸದಾ ಬಿಸಿನೀರಿರುತ್ತದೆ, ಅದನ್ನೇ ಬೆರೆಸಿದರಾಯಿತೆಂದು ಯಾರಿಗಾದರೂ ತೋಚುತ್ತದೆ. ಖಂಡಿತ ಬೇಡ. ಮೆದುವಾದ, ಹುಳಿಯಾದ ನೀರು ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ನಮಗೆ ಏನೂ ಮಾಡದ ಆ ಅಲ್ಪ ಪ್ರಮಾಣ ಮೀನಿನ ಕಿವಿರಿಗೆ ಮಾರಕ. ಗಡಸು ನೀರಿನಲ್ಲಿರುವ ಸುಣ್ಣದಂಶ ತಾಮ್ರದ ವಿಷವನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ನಮ್ಮ ಮೆದು ನೀರಿನಲ್ಲಿ ಆ ರಕ್ಷೆಯೂ ಇಲ್ಲ. ಸ್ಟೀಲಿನ ಪಾತ್ರೆಯಲ್ಲಿ ಕಾಯಿಸಿರಿ.

ತಾಮ್ರದ ಮಾತು ಹಂಡೆಯಲ್ಲಿಗೆ ಮುಗಿಯುವುದಿಲ್ಲ. ಮಳೆಗಾಲ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನ ಕಳೆದು ಇನ್ನೊಮ್ಮೆ ನಾವೆಲ್ಲರೂ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ: 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹೊಡೆಯಬೇಡಿರೆಂದು ಹೇಳುವ ಧೈರ್ಯ ನನಗಿಲ್ಲ. ಕೊನೆ ಉದುರಿದ ತೋಟವನ್ನು ನಾನೂ ನೋಡಿದ್ದೇನೆ. ಆದರೆ ಮೈಲುತುತ್ತವೆಂದರೆ ತಾಮ್ರದ ಲವಣ. ಉಳಿದ ದ್ರಾವಣವನ್ನು ಕಾದಿಗೆಗೆ ಚೆಲ್ಲಿ, ಡ್ರಮ್ಮನ್ನೂ ಪಂಪನ್ನೂ ಹಳ್ಳದಲ್ಲಿ ತೊಳೆಯುವ ಅಭ್ಯಾಸ ಎಷ್ಟು ಮನೆಗಳಲ್ಲಿ ಇಲ್ಲ? ನಮ್ಮ ಭಾಗದ ಒಬ್ಬ ತರುಣನ ತೊಟ್ಟಿಯ ಮೀನುಗಳು ಜೂನ್ ತಿಂಗಳ ಒಂದೇ ಸಂಜೆಯಲ್ಲಿ ಸತ್ತವು. ಅವನು ಎಂದಿನಂತೆ ಹಳ್ಳದಿಂದ ಪೈಪಿನಲ್ಲಿ ಬರುವ ನೀರನ್ನೇ ಬದಲಿಸಿದ್ದ. ಮೇಲಿನ ತೋಟದಲ್ಲಿ ಅಂದು ಮದ್ದು ಹೊಡೆದಿದ್ದರು. ತೊಟ್ಟಿಯಲ್ಲಿ ಎರಡು ಮೀನು ಸತ್ತುದನ್ನು ಅವನು ಕಂಡ, ಅದಕ್ಕೆ ಬೆಲೆಯಿತ್ತು. ಅದೇ ಹಳ್ಳದಲ್ಲಿ ಅಂದು ಏನೇನು ಸತ್ತಿತೆಂದು ಲೆಕ್ಕವಿಟ್ಟವರು ಯಾರೂ ಇಲ್ಲ. ಉಳಿದ ದ್ರಾವಣವನ್ನು ತೋಟದೊಳಗೇ ಮರದ ಬುಡಗಳಿಗೆ ಹಂಚಿ ಸುರಿಯುವುದು, ಹಳ್ಳದಿಂದ ದೂರದಲ್ಲಿ ತೊಳೆಯುವುದು ಹೆಚ್ಚಿನ ಖರ್ಚಿನ ಕೆಲಸಗಳಲ್ಲ. ಕಾಫಿಯ ಸೀಮೆಯವರು ಪಲ್ಪರಿನ ನೀರಿನ ಬಗ್ಗೆ ಇದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.

ಎಚ್ಚರ ಮತ್ತೊಂದು ದಿಕ್ಕಿನಿಂದಲೂ ಬೇಕು. ತೊಟ್ಟಿಯ ಮೀನನ್ನು ಎಂದೂ ಹಳ್ಳಕ್ಕೆ, ಕೆರೆಗೆ ಬಿಡಕೂಡದು. ಡಿಸ್ಕಸ್ ನಮ್ಮ ಮಾಗಿಯ ಚಳಿಗೆ ಉಳಿಯಲಾರದು, ನಿಜ. ಆದರೆ ಅದರ ಕಿವಿರಿನ ಹುಳು, ಕರುಳಿನ ಪರಾವಲಂಬಿಗಳು ನೀರಿನೊಂದಿಗೆ ಹೋಗುತ್ತವೆ. ಮೀನು ಸಾಕುವ ಆಸೆ ತೀರಿದವರು ಬಿಡುವುದು ಡಿಸ್ಕಸ್ ಒಂದನ್ನೇ ಅಲ್ಲ. ತೊಟ್ಟಿಯ ಪಾಚಿ ತಿನ್ನಲೆಂದು ತರುವ ಸಕ್ಕರ್ ಮೀನು ದಕ್ಷಿಣ ಭಾರತದ ಎಷ್ಟೋ ಜಲಾಶಯಗಳಲ್ಲಿ ಬೇರೂರಿದೆ. 2018ರ ಮಹಾಪ್ರವಾಹದ ನಂತರ ಕೇರಳದ ನದಿಗಳಲ್ಲಿ ಅಮೆಜಾನಿನ ಅರಪೈಮಾ ಬಲೆಗೆ ಬಿದ್ದಿತು. ಡಿಸ್ಕಸ್‌ನ ಕುಟುಂಬಕ್ಕೇ ಸೇರಿದ ತಿಲಾಪಿಯಾ 1952ರಲ್ಲಿ ನಮ್ಮ ದೇಶಕ್ಕೆ ಬಂದದ್ದು. ಇಂದು ಅದಿಲ್ಲದ ಕೆರೆ ಹುಡುಕಬೇಕಾಗಿದೆ. ಬದಲಿಸಿದ ನೀರನ್ನು ಬಾಳೆಯ ಬುಡಕ್ಕೆ ಹಾಕಿರಿ. ಒಳ್ಳೆಯ ಗೊಬ್ಬರ.

ಮನೆಯಲ್ಲಿ ಮರಿ ಮಾಡಿದರೆ ಕಾಡಿನ ಮೀನು ಉಳಿಯುತ್ತದೆ, ಆದ್ದರಿಂದ ಇದು ಪರಿಸರದ ಕೆಲಸವೇ ಎಂದು ವಿದ್ಯಾರ್ಥಿಗಳು ಕೇಳಿದರು. ನಮ್ಮ ಘಟ್ಟದ ಮಟ್ಟಿಗೆ ಅದರಲ್ಲಿ ಸತ್ಯವಿದೆ. 2005ರಿಂದ 2012ರವರೆಗೆ ಭಾರತದಿಂದ ಅಳಿವಿನಂಚಿನ ಸಿಹಿನೀರ ಮೀನುಗಳು 15 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತೊಟ್ಟಿಯ ವ್ಯಾಪಾರಕ್ಕಾಗಿ ಹೊರಹೋದವೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಅವುಗಳಲ್ಲಿ ಮುಖ್ಯವಾದುದು ಕೆಂಪು ಗೆರೆಯ ಮಿಸ್ ಕೇರಳ. ಅದನ್ನು ಹಿಡಿದದ್ದು ಪಶ್ಚಿಮಘಟ್ಟದ ಹೊಳೆಗಳಿಂದ. ಚೋದಕದ ನೆರವಿನಿಂದ ಅದರ ಮರಿ ಮಾಡುವ ವಿಧಾನವನ್ನು ಕೇರಳದ ವಿಜ್ಞಾನಿಗಳು ರೂಪಿಸಿದ್ದಾರೆ. ಆದರೆ ಡಿಸ್ಕಸ್‌ನ ಊರಿನಲ್ಲಿ ಕಥೆ ಬೇರೆಯಾಗಿದೆ. ರಿಯೋ ನೇಗ್ರೋ ದಡದ ಬಾರ್ಸೆಲೋಸ್ ಎಂಬ ಪಟ್ಟಣದ ಸುತ್ತಲಿನ ಕುಟುಂಬಗಳು ತೊಟ್ಟಿಯ ಮೀನು ಹಿಡಿದೇ ಬದುಕಿದವು. ಅಲ್ಲಿನ ಅಲಂಕಾರ ಮೀನಿನ ಹಬ್ಬದಲ್ಲಿ ಊರಿನವರು ಎರಡು ಪಂಗಡವಾಗಿ ಕುಣಿಯುತ್ತಾರೆ. ಒಂದು ಕಾರ್ಡಿನಲ್ ಟೆಟ್ರಾ ಮೀನಿನದು, ಇನ್ನೊಂದು ಡಿಸ್ಕಸ್‌ನದು. ಮೀನು ಬೇಕಾದುದರಿಂದ ಅದರ ನೆಲೆಯಾದ ಕಾಡೂ ಅವರಿಗೆ ಬೇಕು. ಮರ ಕಡಿದು, ಚಿನ್ನ ತೊಳೆದು ಬದುಕಬೇಕಾದ ಒತ್ತಡ ಅಷ್ಟರಮಟ್ಟಿಗೆ ಕಡಿಮೆ. 1989ರಲ್ಲಿ ನಿಂಗ್ ಲಬ್ಬಿಶ್ ಚಾವೋ ಎಂಬ ವಿಜ್ಞಾನಿ ಆರಂಭಿಸಿದ ಪ್ರಾಜೆಕ್ಟ್ ಪಿಯಾಬಾ ಹೇಳುತ್ತ ಬಂದಿರುವುದು ಇದನ್ನೇ. ಏಷ್ಯಾ, ಯುರೋಪಿನ ಸಾಕಣೆ ಕೇಂದ್ರಗಳಲ್ಲಿ ಅದೇ ಮೀನುಗಳ ಮರಿ ಅಗ್ಗವಾಗಿ ಬಂದಾಗ ಪೆಟ್ಟು ಬಿದ್ದುದು ಆ ಕುಟುಂಬಗಳಿಗೆ. ಹಾಗಾಗಿ ಡಿಸ್ಕಸ್ ಸಾಕುವವರು ಅಮೆಜಾನನ್ನು ಉಳಿಸುತ್ತಿದ್ದೇವೆಂದು ಹೇಳಿಕೊಳ್ಳದಿರುವುದೇ ಪ್ರಾಮಾಣಿಕತೆ. ಆದಾಯಕ್ಕಾಗಿ, ಪ್ರೀತಿಗಾಗಿ ಸಾಕುತ್ತೇವೆ ಎಂದರೆ ಸಾಕು.

ಕಲಿಯಲು ಬಯಸುವವರಿಗೆ ಇನ್ನೊಂದು ದಾರಿಯುಂಟು. ಡಿಸ್ಕಸ್‌ನ ಕುಟುಂಬದ ಮೀನುಗಳಲ್ಲಿ ನಮ್ಮ ನಾಡಿನವೇ ಆದ ಮೂರು ಜಾತಿಗಳಿವೆ. ಒಂದು, ಕೇರಳದವರು ಕರಿಮೀನ್ ಎಂದು ಊಟಮಾಡುವುದು. ಎರಡನೆಯದು ಅಂಗೈಗಿಂತ ಚಿಕ್ಕದಾದ, ಕಿತ್ತಳೆ ಬಣ್ಣದ ಕ್ರೋಮೈಡ್. ಮೂರನೆಯದು ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರಾ ಸೀಮೆಯ ಕೆನರಾ ಕ್ರೋಮೈಡ್; ಇದು ಅಳಿವಿನಂಚಿನ ಪಟ್ಟಿಯಲ್ಲಿದೆ, ಇದನ್ನು ಹಿಡಿಯುವ ಮಾತೇ ಬೇಡ. ಕಿತ್ತಳೆ ಕ್ರೋಮೈಡಿನ ಮರಿಗಳೂ ತಂದೆತಾಯಿಯ ಮೈಗೆ ತಾಕಿ ತಾಕಿ ಲೋಳೆಯುಣ್ಣುತ್ತವೆಂದು ವಾರ್ಡ್ ಮತ್ತು ಬಾರ್ಲೋ ಎಂಬ ವಿಜ್ಞಾನಿಗಳು 1967ರಲ್ಲಿಯೇ ಬರೆದಿದ್ದಾರೆ. ಅದಕ್ಕೆ ಲೋಳೆಯೇ ಸರ್ವಸ್ವವಲ್ಲ, ಬೆಂಬಲದ ಆಹಾರ. ಆದ್ದರಿಂದ ಕಲಿಯುವವರ ಕೈಯಲ್ಲಿಯೂ ಮರಿಗಳು ಉಳಿಯುತ್ತವೆ. ಬೆಲೆ ಕಡಿಮೆ, ಅಷ್ಟೊಂದು ಬಿಸಿಯೂ ಬೇಡ. ಸಾಕಿ ಬೆಳೆಸಿದ ಜೋಡಿಯನ್ನು ತಂದು ಒಂದು ವರ್ಷ ಅದರಲ್ಲಿ ಕೈ ಪಳಗಿಸಿಕೊಳ್ಳಿರಿ. ಅನಂತರವೂ ಆಸಕ್ತಿ ಉಳಿದಿದ್ದರೆ ಡಿಸ್ಕಸ್ ಇದ್ದೇ ಇದೆ.

ಮೊದಲು ನಿಮ್ಮ ಮನೆಯ ನೀರನ್ನು ಅರಿಯಬೇಕು. ಮುಂದಿನ ಸಭೆಗೆ ಬರುವಾಗ ಒಂದು ಲೀಟರಿನ ಶುಚಿಯಾದ ಶೀಶೆಯಲ್ಲಿ ಒರತೆಯದೋ ಬಾವಿಯದೋ ನೀರನ್ನು ತನ್ನಿರಿ. ಶೀಶೆಯ ಮೇಲೆ ತಾರೀಖು, ನೀರಿನ ಮೂಲ, ಅದರ ಮೇಲ್ಭಾಗದಲ್ಲಿ ಏನಿದೆ, ಅಂದರೆ ಕಾಡೋ ತೋಟವೋ ಗದ್ದೆಯೋ ಎಂಬುದನ್ನು ಬರೆಯಿರಿ. ರಸಸಾರ ಮತ್ತು ಕರಗಿದ ಲವಣವನ್ನು ಅಲ್ಲಿಯೇ ಅಳೆಯೋಣ. ಮದ್ದು ಹೊಡೆದ ವಾರದಲ್ಲಿ ಅದೇ ಜಾಗದಿಂದ ಇನ್ನೊಂದು ಶೀಶೆ ತುಂಬಿಡಿರಿ. ತಾಮ್ರದ ಪರೀಕ್ಷೆಗೆ ಅವೆರಡನ್ನೂ ಜೊತೆಯಲ್ಲಿ ಪ್ರಯೋಗಾಲಯಕ್ಕೆ ಕಳುಹಿಸುವ ವ್ಯವಸ್ಥೆಯನ್ನು ನಾನು ಮಾಡುತ್ತೇನೆ.